ದಲ್ಲಾಳಿಯ ಉಳಿದರ್ಧ

ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನೆ ಎಂಬ ಮಾತು ಕಾಶಿಯ ಮನೆ ದಲ್ಲಾಳಿಗೆ ಅನ್ವಯಿಸುವುದಿಲ್ಲ. ಮಾರುವವರ ಪರವಾಗಿ ಬೆಲೆ ಏರಿಸುವವನೂ ಅವನೇ, ಕೊಳ್ಳುವವರ ಪರವಾಗಿ ಇಳಿಸುವವನೂ ಅವನೇ. ಕಮಿಷನ್ ಮಾತ್ರ ಇಬ್ಬರಿಂದಲೂ, ನೂರಕ್ಕೆ ಒಂದರಂತೆ. ಬ್ಯಾಂಕಿನ ವರ್ಗಾವಣೆಯ ಮೇಲೆ ಇಲ್ಲಿಗೆ ಬಂದ ನಾನು, ನಿವೃತ್ತಿಯ ನಂತರಕ್ಕೆ ಇರಲಿ ಎಂದು ಬಂಗಾಲಿ ಟೋಲಾ ಗಲ್ಲಿಯಲ್ಲಿ ಎರಡು ಕೋಣೆಯ ಮನೆ ಕೊಂಡಾಗ ಇದನ್ನು ಕಲಿತೆ.

ಮಾರಿದವರು ವಿಜಯಪುರದ ಕಡೆಯ ಒಬ್ಬ ಅಜ್ಜಿ. ಗಂಡ ಹೋದ ಮೇಲೆ ಕಾಶಿಯಲ್ಲೇ ಸಾಯಬೇಕೆಂದು ಬಂದವರು. ಊಟಕ್ಕೂ ಔಷಧಿಗೂ ಹಣ ಬೇಕಾಗಿ ಮನೆ ಮಾರಿದರು, ಆದರೆ ಸಾಯುವವರೆಗೆ ಅಲ್ಲೇ ಇರುತ್ತೇನೆಂದು ಷರತ್ತು ಹಾಕಿದರು. ಅದರಿಂದ ಬೆಲೆ ಇಳಿಯಿತು, ನಾನು ಒಪ್ಪಿದೆ. ಅಜ್ಜಿಯ ಪಾಲಿನ ಕಮಿಷನ್ನನ್ನು ದಲ್ಲಾಳಿ ನೋಂದಣಿಯ ದಿನವೇ ಪಡೆದ. ನನ್ನ ಪಾಲಿನಲ್ಲಿ ಅರ್ಧ ಅಂದು, ಉಳಿದರ್ಧ ಚಾವಿ ನನ್ನ ಕೈಗೆ ಬಂದ ದಿನ. ಇಂಥ ಮನೆಗಳಿಗೆ ಈ ಗಲ್ಲಿಯಲ್ಲಿ ಹಾಗೆಯೇ ಎಂದ. ಚಾವಿ ಯಾವಾಗ ಬರುತ್ತದೆಂದು ಮೂವರಿಗೂ ಗೊತ್ತಿತ್ತು.

ಅಂದಿನಿಂದ ಅವನು ದಿನಾ ಬೆಳಿಗ್ಗೆ ಅಜ್ಜಿಯ ಬಾಗಿಲು ಬಡಿದು, "ಮಾತಾಜಿ, ಸಬ್ ಠೀಕ್?" ಎಂದು ವಿಚಾರಿಸತೊಡಗಿದ. ಒಳಗಿನಿಂದ "ಠೀಕ್" ಎಂದು ಬಂದರೆ ಚಹಾದಂಗಡಿಗೆ ಹೋಗುತ್ತಿದ್ದ. ಆ ಮನೆಯ ಕೆಳಗಿನ ಇಡ್ಲಿ ಹೋಟೆಲಿನವರು ಇದನ್ನು ನನಗೆ ಹೇಳಿ ನಕ್ಕರು. ನನಗೆ ಹೇಸಿಗೆಯಾಯಿತು. ಹೆಣ ಕಾಯುವ ಹದ್ದು ಎಂದು ಮನೆಯಲ್ಲಿ ಬೈದಾಗ, ಅದೇ ಹೆಣಕ್ಕೆ ನೀವೂ ಕಾಯುತ್ತಿದ್ದೀರಿ ಎಂದು ಹೆಂಡತಿ ನೆನಪಿಸಿದಳು.

ಕಡೆಗೆ, ಉಳಿದರ್ಧವನ್ನೂ ಕೊಟ್ಟು ಅವನನ್ನು ಸಾಗಹಾಕುವುದೆಂದು ನಿರ್ಧರಿಸಿ ಹಣ ತೆಗೆದುಕೊಂಡು ಹೊರಟೆ. ಮೊದಲು ಅಜ್ಜಿಗೆ ಹೇಳೋಣವೆಂದು ಅಲ್ಲಿಗೆ ಹೋದೆ.

"ಇವತ್ತು ಅವನ ಲೆಕ್ಕ ಚುಕ್ತಾ ಮಾಡ್ತೀನಿ ಅಜ್ಜಿ. ಇನ್ನು ಅವನ ಕಾಟ ಇರೋಲ್ಲ."

ಅಜ್ಜಿ ಬಟಾಣಿ ಸುಲಿಯುವುದನ್ನು ನಿಲ್ಲಿಸಿದರು.

"ಕೊಡಬ್ಯಾಡ ತಮ್ಮಾ."

"ಯಾಕೆ? ನೀವು ಹೋಗೋದನ್ನೇ ಕಾಯ್ತಿದ್ದಾನಲ್ಲ ಅವನು."

"ಕಾಯಲಿ. ಬಾಜೂ ಮನಿಯಾಕಿ ಒಳಗ ಸತ್ತು ಬಿದ್ದದ್ದು ನಾತ ಬಂದ ಮ್ಯಾಲೆ ಗೊತ್ತಾತು. ರೊಕ್ಕಾ ಮುಟ್ಟಿತಂದ್ರ ಅಂವ ಯಾಕ ಬರ್ತಾನ? ನಿನಗರ ದಿನಾ ಬರಾಕ ಆಗ್ತದೇನು?"

ಹಣವನ್ನು ಮನೆಗೆ ವಾಪಸು ತಂದೆ.