ಹೊಂಡಕ್ಕೆ ಸುರಿದ ಅನ್ನ

ನಮ್ಮದು ಲಿಂಗ ಕಟ್ಟುವ ಮನೆ. ಮೀನು ತಿನ್ನುವುದಿರಲಿ, ಮುಟ್ಟಿದವರೂ ನಮ್ಮಲ್ಲಿ ಇರಲಿಲ್ಲ. ಹಾಗಿದ್ದೂ ಹಾಗಲವಾಡಿಯ ಹೊಲದಲ್ಲಿದ್ದ ಹೊಂಡವನ್ನು ನಾನು ಮೀನು ಸಾಕಲು ಗುತ್ತಿಗೆಗೆ ಕೊಟ್ಟೆ. ಗುತ್ತಿಗೆದಾರ ಕುಣಿಗಲ್ ಕಡೆಯ ಕೊತ್ತಗೆರೆಯವನು. ಕಾಟ್ಲಾ, ರೋಹು ಮರಿ ಬಿಟ್ಟು, ಆಗಾಗ ಬಂದು ನೋಡಿಕೊಂಡು ಹೋಗುತ್ತಿದ್ದ. ದಿನವೂ ತೌಡು, ಹಿಂಡಿ ಹಾಕುವ ಕೆಲಸ ನನ್ನದು.

"ಈ ಡಬ್ಬದಷ್ಟೇ ಹಾಕಿ ಯಜಮಾನ್ರೇ, ಜಾಸ್ತಿ ಬ್ಯಾಡ. ಉಳಿದಿದ್ದು ತಳದಲ್ಲಿ ಕೊಳೆತ್ರೆ ಮೀನಿಗೆ ಉಸಿರಾಡಕ್ಕೆ ನೀರಲ್ಲಿ ಗಾಳಿನೇ ಇರಲ್ಲ" ಎಂದಿದ್ದ.

ಕೊಲ್ಲುವುದಕ್ಕೆಂದೇ ಸಾಕುತ್ತಿದ್ದೇವೆ ಎಂಬುದು ನನ್ನನ್ನು ಚುಚ್ಚುತ್ತಿತ್ತು. ಪಾಪ ಸ್ವಲ್ಪವಾದರೂ ಕಳೆಯಲಿ ಎಂದು, ಕಲ್ಯಾಣಿಯ ಮೀನಿಗೆ ಹಾಕುವ ಹಾಗೆ ಸಂಜೆ ಪುರಿ ಎರಚತೊಡಗಿದೆ. ಆಮೇಲೆ ಮಠದ ದಾಸೋಹದಲ್ಲಿ ಉಳಿದ ಅನ್ನವನ್ನೂ ಬಕೆಟ್ಟಿನಲ್ಲಿ ತಂದು ಸುರಿದೆ. ಗುತ್ತಿಗೆದಾರನಿಗೆ ಹೇಳಲಿಲ್ಲ.

ಮಳೆಗಾಲದಲ್ಲಿ ಮೋಡ ಕವಿದು ಬಿಸಿಲೇ ಕಾಣದಾಯಿತು. ಒಂದು ಬೆಳಿಗ್ಗೆ ಮೀನುಗಳೆಲ್ಲ ಮೇಲೆ ಬಂದು ಬಾಯಿ ಆಡಿಸುತ್ತಿದ್ದವು. ಹಸಿದಿವೆ ಎಂದುಕೊಂಡು ಇನ್ನೊಂದು ಬಕೆಟ್ ಸುರಿದೆ. ಮರುದಿನ ದೊಡ್ಡ ಕಾಟ್ಲಾಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಬದುಕಿದ್ದ ಮೀನುಗಳು ಇನ್ನೂ ಬಾಯಿ ಆಡಿಸುತ್ತಿದ್ದವು. ನನಗೆ ಆಗ ಡಬ್ಬದ ಮಾತು ನೆನಪಾಯಿತು.

ಗುತ್ತಿಗೆದಾರ ಗುಬ್ಬಿಯಲ್ಲಿದ್ದ. ಫೋನ್ ಮಾಡಿದ್ದೇ ಬೈಕಿನಲ್ಲಿ ಬಂದ. ನೀರು ನೋಡಿದವನೇ, ಪಕ್ಕದ ಟೊಮೆಟೊ ಸಾಲಿನ ಬಳಿ ಬಿದ್ದಿದ್ದ ಔಷಧಿ ಬಾಟಲಿ ಕಂಡು, ಆ ಹೊಲದವನನ್ನು ಕೂಗಿದ.

"ನಿನ್ನೆ ಟೊಮೆಟೊಗೆ ಔಷ್ದಿ ಹೊಡ್ದವ್ನು ನೀನೇ ತಾನೆ? ಡ್ರಮ್ ಎಲ್ಲಿ ತೊಳ್ದೆ, ಹೇಳ್ಲಾ!"

"ನಮ್ ಬೋರ್ ಹತ್ರ ತೊಳ್ದೆ ಕಣೋ. ನಿನ್ ಹೊಂಡ ಕಟ್ಕೊಂಡು ನಂಗೇನಾಗ್ಬೇಕು? ಅದ್ರ ಮೀನಿನ ವಾಸ್ನೆ ಕುಡಿದೇ ಸಾಕಾಗೈತೆ."

"ವಾಸ್ನೆ ಅಂತ ವಿಷ ಹಾಕ್ಬುಟ್ಟೇನ್ಲಾ?"

ಪಕ್ಕದವನು ನನ್ನ ಕಡೆ ತಿರುಗಿದ. "ದೊಡ್ಡಪ್ಪ, ನೀವೇ ಹೇಳಿ. ದಿನಾ ಇಲ್ಲೇ ಇರ್ತೀರಲ್ಲ, ನಾನು ಈ ಕಡೆ ಬಂದಿದ್ನಾ?"

"ನಾನು ನೋಡಿಲ್ಲಪ್ಪ" ಎಂದೆ. ಬಂದಿರಲಿಲ್ಲ ಎಂದು ಗಟ್ಟಿಯಾಗಿ ಹೇಳಬೇಕಿತ್ತು. ಆದರೆ ದಾಸೋಹದ ಅನ್ನ ಮೀನಿಗೆ ಹಾಕಿದ್ದು ಊರಿಗೆ ಗೊತ್ತಾದರೆ ಮಠದಲ್ಲಿ ಮುಖ ತೋರಿಸುವುದು ಹೇಗೆ ಎಂಬುದೊಂದೇ ನನಗಿದ್ದ ಚಿಂತೆ.

ಗುತ್ತಿಗೆದಾರ ಬೈಕಿನಿಂದ ಬಲೆ ಬಿಚ್ಚಿದ. "ವಿಷ ಬಿದ್ದಿರೋದು ಮಾರಕ್ಕಾಗಲ್ಲ. ಜೀವ ಇರೋವನ್ನೂ ಎಳ್ದು ಗುಂಡಿಗೆ ಹಾಕಿ ಮುಚ್ಚೋದೇ. ಆಮೇಲೆ ಸ್ಟೇಷನ್‌ಗೆ ನಡಿ."

ಪಕ್ಕದವನ ಮುಖ ಬಿಳಿಚಿಕೊಂಡಿತು. ನಾನು ಸುಮ್ಮನೆ ನಿಂತೇ ಇದ್ದೆ. ನನ್ನ ಕಣ್ಣೆದುರೇ ಇನ್ನೂ ಎರಡು ಮೀನು ಮಗುಚಿಕೊಂಡವು. ಬಲೆ ನೀರಿಗೆ ಬಿದ್ದಾಗ ತಡೆಯಲಾಗಲಿಲ್ಲ.

"ವಿಷ ಅಲ್ಲಪ್ಪ. ನಾನು ಅನ್ನ ಹಾಕಿದೀನಿ. ದಿನಾ, ಬಕೆಟ್‌ಗಟ್ಲೆ."

ಗುತ್ತಿಗೆದಾರ ನನ್ನನ್ನು ಬೈಯಲೂ ನಿಲ್ಲಲಿಲ್ಲ. "ಮೊದ್ಲೇ ಹೇಳಕ್ಕೇನಾಗಿತ್ತು! ಮೋಟ್ರು ಹಾಕಿ, ನೀರು ಮೇಲಿಂದ ಬೀಳ್ಬೇಕು, ಗಾಳಿ ಬೆರೀಬೇಕು" ಎಂದು ಸ್ವಿಚ್ಚಿನ ಕಡೆ ಓಡಿದ. ಕರೆಂಟ್ ಇರಲಿಲ್ಲ. ಪಕ್ಕದವನು ಹೊರಟುಹೋದ. ಮನೆಗೆ ಹೋದನೆಂದುಕೊಂಡೆ. ಆದರೆ ಅವನು ನೀರೆತ್ತುವ ತನ್ನ ಡೀಸೆಲ್ ಎಂಜಿನ್ ತಳ್ಳಿಕೊಂಡು ಬಂದ. ಇಬ್ಬರೂ ಸೇರಿ ಹೊಂಡದ ನೀರನ್ನೇ ಎತ್ತಿ ಹೊಂಡಕ್ಕೇ ಚಿಮ್ಮಿಸತೊಡಗಿದರು. ನಾನು ಪಂಚೆ ಎತ್ತಿ ಕಟ್ಟಿ ನೀರಿಗಿಳಿದು, ಸತ್ತ ಮೀನುಗಳನ್ನು ಕೈಯಿಂದಲೇ ಹೊರಗೆ ಹಾಕಿದೆ.

ಮಧ್ಯಾಹ್ನದ ಹೊತ್ತಿಗೆ ಉಳಿದ ಮೀನುಗಳು ಒಂದೊಂದಾಗಿ ಕೆಳಗೆ ಇಳಿದವು. ಪಕ್ಕದವನು ಪೈಪ್ ಸುತ್ತುತ್ತ ಹೇಳಿದ: "ಮೀನು ಸಾಯೋದು ನೋಡಕ್ಕಾಗ್ದೆ ಹೇಳಿದ್ರಿ ದೊಡ್ಡಪ್ಪ. ನನ್ನ ಸ್ಟೇಷನ್‌ಗೆ ಎಳೀತೀನಿ ಅಂದಾಗ ಸುಮ್ನಿದ್ರಲ್ಲ."

ಅವನು ಹೇಳಿದ್ದು ಸರಿ. ಈಗಲೂ ಬದುವಿನ ಮೇಲೆ ಎದುರಾದರೆ ಅವನೇ ಮೊದಲು ದಾರಿ ಬಿಡುತ್ತಾನೆ. ತಪ್ಪಾಯಿತು ಎಂದು ನಾನಿನ್ನೂ ಅವನಿಗೆ ಹೇಳಿಲ್ಲ.