ಗುಡಿಸಿಟ್ಟ ಗುಡ್ಡ

ಫೋನು ಮಾಡದೆ ಹೋಗಿದ್ದರೆ ಸಾಕಿತ್ತು. ಒಂದು ವರ್ಷದಿಂದ ಇದನ್ನೇ ಅಂದುಕೊಳ್ಳುತ್ತೇನೆ, ಅಂದುಕೊಂಡು ಹಲ್ಲು ಕಡಿಯುತ್ತೇನೆ.

ಸೂಡಿಯಿಂದ ಗಜೇಂದ್ರಗಡಕ್ಕೆ ಬಸ್ಸಿನಲ್ಲಿ ಹೋಗುವಾಗ ಗುಡ್ಡದ ಇಳಿಜಾರಿನಲ್ಲಿ ಒಂದು ದೊಡ್ಡ ತೋಟ ಕಾಣುತ್ತದೆ. ಹಳೆಯ ಅರಿವೆ ವ್ಯಾಪಾರಿಗಳ ಮನೆತನದ್ದು. ಅಡಿಯಿಂದ ನೆತ್ತಿಯವರೆಗೆ ಸಾಲು ಸಾಲು ಕಾಡುಬಾದಾಮಿ ಮರಗಳು. ಸಂಕ್ರಾಂತಿ ಕಳೆದ ಮೇಲೆ, ಉದುರುವ ಮೊದಲು, ಎಲೆಗಳು ಕೆಂಪಾಗುತ್ತವೆ. ಇಡೀ ಗುಡ್ಡಕ್ಕೆ ಕುಂಕುಮ ಹಚ್ಚಿದ ಹಾಗೆ. ಅದನ್ನು ನೋಡಲೆಂದೇ ಅಕ್ಕ ಪ್ರತಿ ವರ್ಷ ಕಿಟಕಿ ಪಕ್ಕದ ಸೀಟಿಗೆ ನನ್ನ ಜೊತೆ ಜಗಳಾಡುತ್ತಿದ್ದಳು. ಬೇಲಿಯೊಳಗೆ ಮಾತ್ರ ನಾವು ಎಂದೂ ಕಾಲಿಟ್ಟವರಲ್ಲ.

ಹೋದ ವರ್ಷ ದವಾಖಾನೆಯಲ್ಲಿ, ಅಕ್ಕನ ಕಣ್ಣಿನ ನರ ಒಣಗುತ್ತಿದೆ, ಮಳೆಗಾಲದ ಹೊತ್ತಿಗೆ ಏನೂ ಕಾಣಲಿಕ್ಕಿಲ್ಲ ಎಂದರು. ಅಕ್ಕ ಅಳಲಿಲ್ಲ. ಮನೆಗೆ ಬಂದು, "ಆ ಕೆಂಪ ಗಿಡದ ಬುಡಕ ಒಮ್ಮೆರ ನಿಂದರಬೇಕ ನೋಡವಾ," ಎಂದಳು.

ತೋಟದ ಸಾವುಕಾರರ ನಂಬರು ಹುಡುಕಿ ಫೋನು ಮಾಡಿದೆ. ಮಂದಿಯ ತೋಟಕ್ಕೆ ಹೇಳದೆ ಕೇಳದೆ ನುಗ್ಗುವುದು ನಮ್ಮಲ್ಲಿಲ್ಲ. ಅಕ್ಕನ ಕಣ್ಣಿನ ಮಾತು ಎತ್ತಲು ಮನಸ್ಸಾಗಲಿಲ್ಲ. ಉದುರುವ ಎಲೆ ನೋಡಲು ಬರುತ್ತೇವೆಂದರೆ ನಕ್ಕಾರು ಎಂದು ನಾಚಿಕೆ. "ತೋಟ ನೋಡಬೇಕಾಗಿತ್ರಿ," ಎಂದಷ್ಟೇ ಹೇಳಿದೆ. ನನ್ನ ಸುಡುಗಾಡು ಮರ್ಯಾದೆ!

ರವಿವಾರ ಅಕ್ಕನನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಹೋದೆ. ಗೇಟು ದಾಟಿದಾಗ ಮೊದಲು ಕಂಡದ್ದು ಹೊಗೆ. ಮರಗಳೆಲ್ಲ ಬೋಳು. ನೆಲಕ್ಕೆ ಸಗಣಿ ನೀರು ಚಿಮುಕಿಸಿ ರಂಗೋಲಿ ಹಾಕಿದ್ದರು.

ಸಾವುಕಾರರು ಕಾಲಿಗೆ ನೀರು ಕೊಡಿಸಿ, "ನೀವು ಬರ್ತೀರಂತ ಮೂರ ದಿನದಿಂದ ಆಳ ಹಚ್ಚಿ, ಗಳ ತೊಗೊಂಡು ಎಲ್ಲಾ ಎಲಿ ಬಡಿಸೀನ್ರಿ," ಎಂದರು. "ಮನಿಗೆ ಹೆಣ್ಮಕ್ಕಳು ಬಂದಾಗ ತಲಿ ಮ್ಯಾಲ ಒಣಗಿದ ಎಲಿ ಬಿದ್ರ ಹ್ಯಾಂಗ ಕಾಣತೈತಿ?"

ಸಿಟ್ಟು ಯಾರ ಮೇಲೆ ಮಾಡಲಿ? ಬೀಗರು ಬರುತ್ತಾರೆಂದರೆ ನಾನೂ ಅಂಗಳದಲ್ಲಿ ಒಂದು ಎಲೆ ಬಿಡುವವಳಲ್ಲ.

ಅಕ್ಕ ಕತ್ತೆತ್ತಿ ಕೊಂಬೆ ಕೊಂಬೆ ಹುಡುಕುತ್ತಿದ್ದಳು. ಆಮೇಲೆ ನನ್ನ ಕೈ ಗಟ್ಟಿಯಾಗಿ ಹಿಡಿದು ಪಿಸುಗುಟ್ಟಿದಳು: "ಈಗಲೇ ಹೋತೇನ ಕಣ್ಣು? ಕೆಂಪ ಕಾಣವಲ್ದಲ್ಲ."

"ಇಲ್ಲಕ್ಕಾ. ಬಡಿಸಿ ಸುಟ್ಟಾರ," ಎಂದೆ. 

ಅವಳು ಸಾವುಕಾರರು ನಿಂತ ಕಡೆ ತಿರುಗಿ, "ಭಾಳ ಹಸನ ಇಟ್ಟೀರ್ರಿ," ಎಂದಳು. ಅವರ ಮನೆಯವರು ನಮ್ಮಿಬ್ಬರಿಗೂ ಉಡಿ ತುಂಬಿದರು. ಗಿರಮಿಟ್ಟು, ಚಹಾ ಆಯಿತು. ಹೊರಡುವಾಗ ತಡೆಯಲಾರದೆ, ಆ ಕೆಂಪು ಎಲೆ ನೋಡಲೆಂದೇ ಬಂದಿದ್ದೆವೆಂದು ಸಾವುಕಾರರಿಗೆ ಖರೇ ಮಾತು ಹೇಳಿಬಿಟ್ಟೆ; ಕಣ್ಣಿನ ಮಾತು ಮಾತ್ರ ಆಗಲೂ ಎತ್ತಲಿಲ್ಲ. ಅವರು ತಲೆ ಮೇಲೆ ಕೈ ಇಟ್ಟುಕೊಂಡರು.

"ಅಯ್ಯ ಶಿವನೇ, ಒಂದ ಮಾತ ಮೊದಲ ಹೇಳಬಾರದೇನ್ರಿ? ಮುಂದಿನ ವರ್ಷ ಒಂದ ಎಲಿ ಮುಟ್ಟಗೊಡಂಗಿಲ್ಲ."

ಮಳೆಗಾಲ ಬರುವುದಕ್ಕೂ ಮೊದಲೇ ಅಕ್ಕನ ಕಣ್ಣು ಪೂರ್ತಿ ಹೋದವು.

ಮೊನ್ನೆ ಸಾವುಕಾರರದೇ ಫೋನು. "ಗುಡ್ಡ ಪೂರಾ ಕೆಂಪಾಗೈತ್ರಿ. ಕಸಬರಿಗಿ ಹಚ್ಚಿಲ್ಲ. ಅಕ್ಕಾರನ್ನ ಲಗೂ ಕರಕೊಂಡ ಬರ್ರಿ." ಆಡಿದ ಮಾತು ಉಳಿಸಿಕೊಂಡ ಖುಷಿ ಅವರ ದನಿಯಲ್ಲಿತ್ತು. ನಾನು "ಹೌದ್ರಿ, ಹೌದ್ರಿ," ಎಂದು ಇಟ್ಟೆ.

ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅಕ್ಕ, "ಯಾರದವಾ ಫೋನು?" ಎಂದಳು.

"ರಾಂಗ್ ನಂಬರು."

ಅವಳು ಇನ್ನೆರಡು ಎಸಳು ಸುಲಿದಳು. ಆಮೇಲೆ ಕೇಳಿದಳು:

"ಈ ಸಲ ಗುಡಿಸಿಲ್ಲಂತೇನ ಅವರು?"