ಗೋಡೆಯಾಚೆಯ ಊಟ

ಮಧ್ಯಾಹ್ನ ಮೂರು ಗಂಟೆ. ನನ್ನ ಹೆಂಡತಿ ತೀರಿಕೊಂಡ ಸೂತಕ, ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಹಿಂದಿನ ಬೀದಿಯ ಲಕ್ಕಮ್ಮತ್ತೆ ಮನೆ ಪಕ್ಕದ ಸಂದಿನಲ್ಲಿ ಹಾದು ಊಟ ತರುತ್ತಾರೆ. ಬೆಳಿಗ್ಗೆ ಹೊಸ ಬಡಾವಣೆಯ ಮೇಸ್ತ್ರಿ ಕೇಳಿದ್ದ: "ಅಣ್ಣಾ, ನಿಮ್ಮ ಮನೆ ಪಕ್ಕದ ಸಂದು ಮುಚ್ಚಿ ಗೋಡೆ ಕಟ್ಟಲಾ?" ಜನರ ಓಡಾಟ ನಿಂತರೆ ನೆಮ್ಮದಿಯಾಗಿ ಅಳಬಹುದೆಂದು ಹೂಂ ಅಂದಿದ್ದೆ. ಮಧ್ಯಾಹ್ನದೊಳಗೆ ಗೋಡೆ ಎದ್ದಿತ್ತು.

ಅತ್ತೆ ಬಸ್ಸಿನ ರಸ್ತೆ ಸುತ್ತಿ, ಬೆವರು ಒರೆಸಿಕೊಳ್ಳುತ್ತಾ ಈಗ ಬಂದರು.

"ಕೂಗಿದ್ರೆ ಕೇಳೋ ಮನೆಗೆ ದೂರದ ಸೂಲೂರು ಸುತ್ತಿ ಬಂದಂಗಾಯ್ತಪ್ಪಾ. ಯಾವ ಪುಣ್ಯಾತ್ಮ ಮುಚ್ಚಿಸಿದ್ದೋ."

"ಬಡಾವಣೆಯವರು," ಅಂದೆ.

"ನಿನ್ನನ್ನ ಒಂದು ಮಾತು ಕೇಳಿದ್ರೆ ನೀ ಬಿಡ್ತಿದ್ಯಾ? ಇರಲಿ, ಸಾರು ಆರೋಗಿದೆ, ಉಣ್ಣು."

ಗೆಳೆಯರೇ, ಆ ಆರಿದ ಸಾರನ್ನೇ ಎರಡು ಸಲ ಬಡಿಸಿಕೊಂಡೆ, ನಿಜ ಮಾತ್ರ ಹೇಳಲಿಲ್ಲ. ಗೋಡೆಯ ಗಾರೆ ಇನ್ನೂ ಹಸಿಯಾಗಿದೆ. ನಾಳೆಯೂ ಬಸ್ಸಿನ ರಸ್ತೆ ಸುತ್ತಿ ಊಟ ತರುವವರು ಅತ್ತೆಯೇ.